ಪಾವಗಡದ ಬಿಸಿಲು ಮತ್ತು ನಮ್ಮ ಹೊಲ

ಮಡಕಶಿರ ಸೀಮೆಯಲ್ಲಿ ಹುಟ್ಟಿ ಬೆಳೆದ ನಮಗೆ ಬಿಸಿಲೆಂದರೆ ಬೇಡವಾದ ನೆಂಟನಂತೆ. ಸಹ್ಯಾದ್ರಿಯು ಮುಂಗಾರು ಮೋಡಗಳ ನೀರನ್ನು ತನ್ನ ಪಶ್ಚಿಮದ ಮೈಮೇಲೆಯೇ ಸುರಿಸಿಕೊಂಡು, ಬರಿದಾದ ಗಾಳಿಯನ್ನು ಮಾತ್ರ ನಮ್ಮತ್ತ ಕಳುಹಿಸುತ್ತದೆ. ಹಿಂಗಾರು ಮಳೆಯಾದರೋ ಬಂಗಾಳಕೊಲ್ಲಿಯಿಂದ ಹೊರಟು, ಕರಾವಳಿಯಲ್ಲಿ ಉದಾರವಾಗಿ ದಾನಮಾಡಿ, ಇಲ್ಲಿಗೆ ಬರುವ ವೇಳೆಗೆ ಕೈ ಬರಿದು ಮಾಡಿಕೊಂಡಿರುತ್ತದೆ. ಆದಕಾರಣ ಅನಂತಪುರ ಸೀಮೆಗೆ ವರ್ಷಕ್ಕೆ ದೊರೆಯುವ ಸರಾಸರಿ ಮಳೆಯು ಸುಮಾರು 550 ಮಿಲಿಮೀಟರು ಮಾತ್ರ. 2022ರ ಏಪ್ರಿಲಿನಲ್ಲಿ ಮಡಕಶಿರವು ಹೊಸದಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಆದರೆ ಮೋಡಗಳಿಗೆ ಜಿಲ್ಲೆಯ ಗಡಿಯಾಗಲಿ ರಾಜ್ಯದ ಗಡಿಯಾಗಲಿ ತಿಳಿಯುವುದಿಲ್ಲ. ನಮಗೆ ಉತ್ತರದಲ್ಲಿ, ಬಹುಪಾಲು ಸುತ್ತಲೂ ಆಂಧ್ರದ ನೆಲವೇ ಇರುವ ಕರ್ಣಾಟಕದ ಪಾವಗಡ ತಾಲ್ಲೂಕಿನ ಸ್ಥಿತಿಯೂ ಇದೇ. ಅದೇ ಕೆಂಪು ಮಣ್ಣು, ಅದೇ ಕಡಲೆಕಾಯಿ ಬೆಳೆ, ಅದೇ ಬತ್ತಿದ ಕೆರೆ.

ಆ ಪಾವಗಡದಲ್ಲಿ ಈಗ ಬಿಸಿಲನ್ನೇ ಬೆಳೆಯನ್ನಾಗಿ ತೆಗೆಯುತ್ತಿದ್ದಾರೆ. ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯಲ್ಲಿ, ಕಣ್ಣು ಹಾಯುವವರೆಗೂ ನೀಲಿಗಪ್ಪು ಫಲಕಗಳು ದಕ್ಷಿಣಕ್ಕೆ ಮುಖಮಾಡಿ ನಿಂತಿವೆ. 2018ರ ಮಾರ್ಚಿಯಲ್ಲಿ ಇದರ ಮೊದಲನೆಯ ಹಂತದ ಉದ್ಘಾಟನೆಯಾಯಿತು. 2019ರ ಕೊನೆಯ ವೇಳೆಗೆ ಒಟ್ಟು ಸಾಮರ್ಥ್ಯವು 2,050 ಮೆಗಾವಾಟಿಗೆ ಏರಿತು. ಈ ಸೌರಕ್ಷೇತ್ರವನ್ನು ಕುರಿತು ಪೋಷಕರು ನಮ್ಮನ್ನು ಪದೇಪದೇ ಎರಡು ಪ್ರಶ್ನೆಗಳನ್ನು ಕೇಳುವುದುಂಟು. ಇದು ಏತಕ್ಕೆ ಬೇಕಾಯಿತು ಎಂಬುದು ಒಂದು. ನಾಳೆ ನಮ್ಮ ಹೊಲವನ್ನು ಕೇಳಿಕೊಂಡು ಬಂದರೆ ಕೊಡಬಹುದೇ ಎಂಬುದು ಇನ್ನೊಂದು. ಎರಡಕ್ಕೂ ಉತ್ತರವನ್ನು ನಮ್ಮ ವಿದ್ಯಾರ್ಥಿಗಳ ಪಠ್ಯಪುಸ್ತಕದಲ್ಲಿರುವ ವಿಜ್ಞಾನ ಮತ್ತು ಗಣಿತಗಳಿಂದಲೇ ಹುಡುಕಬಹುದೆಂದು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಗಾಳಿಯ ವಿಷಯ. ಭೂಮಿಯ ಮೇಲೆ ಬೀಳುವ ಸೂರ್ಯನ ಬೆಳಕು ನೆಲವನ್ನು ಕಾಯಿಸುತ್ತದೆ. ಕಾದ ನೆಲವು ಕಣ್ಣಿಗೆ ಕಾಣದ ಶಾಖಕಿರಣಗಳನ್ನು ಆಕಾಶಕ್ಕೆ ಹಿಂದಿರುಗಿಸುತ್ತದೆ. ವಾಯುಮಂಡಲದಲ್ಲಿರುವ ನೀರಾವಿ, ಇಂಗಾಲಾಮ್ಲ ವಾಯು ಮೊದಲಾದವು ಬೆಳಕನ್ನು ಒಳಗೆ ಬಿಟ್ಟರೂ, ಹೊರಕ್ಕೆ ಹೋಗುವ ಈ ಶಾಖದಲ್ಲಿ ಒಂದು ಪಾಲನ್ನು ಹೀರಿಕೊಂಡು ಮರಳಿ ಕೆಳಕ್ಕೂ ಕಳುಹಿಸುತ್ತವೆ. ಮಾಘದ ಚಳಿಯಲ್ಲಿ ಕುರಿ ಕಾಯುವವನು ಹೊದ್ದ ಕಂಬಳಿಯು ತಾನಾಗಿ ಬಿಸಿಯಲ್ಲ. ಮೈಯ ಬಿಸಿ ಹೊರಗೆ ಹೋಗದಂತೆ ತಡೆಯುತ್ತದೆ ಅಷ್ಟೆ. ವಾಯುಮಂಡಲವು ಭೂಮಿಗೆ ಅಂತಹ ಕಂಬಳಿ. ಅದು ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರುತ್ತಿತ್ತು; ನೀರೆಲ್ಲ ಹೆಪ್ಪುಗಟ್ಟಿ ಜೀವಿಗಳಿಗೆ ನೆಲೆಯಿರುತ್ತಿರಲಿಲ್ಲ. ಆದುದರಿಂದ ಇಂಗಾಲಾಮ್ಲ ವಾಯುವನ್ನು ವಿಷವೆಂದು ತಿಳಿಯಬಾರದು. ತೊಂದರೆ ಇರುವುದು ಕಂಬಳಿಯ ದಪ್ಪದಲ್ಲಿ.

ಈ ತತ್ವವು ನಿನ್ನೆ ಮೊನ್ನೆಯದಲ್ಲ. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಎಂಬಾಕೆಯು ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ವಾಯುಗಳನ್ನು ತುಂಬಿ ಬಿಸಿಲಿನಲ್ಲಿಟ್ಟು, ಇಂಗಾಲಾಮ್ಲ ವಾಯುವಿದ್ದ ಕೊಳವೆಯೇ ಹೆಚ್ಚು ಕಾಯುವುದನ್ನು ಕಂಡಳು. ಅನಂತರ ಕೆಲವೇ ವರ್ಷಗಳಲ್ಲಿ ಟಿಂಡಲ್ ಮಹಾಶಯನು ಶಾಖಕಿರಣಗಳನ್ನು ಹೀರುವ ಗುಣವನ್ನು ಅಳೆದು ತೋರಿಸಿದನು. 1896ರಲ್ಲಿ ಸ್ವೀಡನ್ನಿನ ಅರ್‍ಹೇನಿಯಸ್ಸನು, ಕಲ್ಲಿದ್ದಲು ಉರಿಸುತ್ತ ಹೋದರೆ ಭೂಮಿಯು ಎಷ್ಟು ಬಿಸಿಯಾದೀತೆಂದು ಕೈಲೆಕ್ಕದಿಂದಲೇ ಗುಣಿಸಿದನು. 1958ರಿಂದ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಈ ವಾಯುವನ್ನು ಅಳೆಯುತ್ತ ಬಂದಿದ್ದಾರೆ. ಯಂತ್ರಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇದು ಸುಮಾರು 280 ಭಾಗವಿತ್ತು. 1958ರಲ್ಲಿ ಸುಮಾರು 315. ಈಗ 420ನ್ನು ದಾಟಿದೆ. ಹತ್ತು ಲಕ್ಷದಲ್ಲಿ ನಾನೂರು ಎಂದರೆ ಅಲ್ಪವಲ್ಲವೇ ಎಂದು ಕೇಳುವವರುಂಟು. ಒಂದು ಚೊಂಬು ನೀರಿಗೆ ನೀಲಿಯ ಎರಡು ತೊಟ್ಟು ಬಿದ್ದರೆ ಬಣ್ಣ ಹೇಗಾಗುವುದೆಂದು ಬಟ್ಟೆ ಒಗೆಯುವ ತಾಯಂದಿರನ್ನು ಕೇಳಿದರೆ ಸಾಕು.

ಇದರ ಪರಿಣಾಮವಾಗಿ ಭೂಮಿಯ ಸರಾಸರಿ ಉಷ್ಣತೆಯು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕೆ ಹೋಲಿಸಿದಲ್ಲಿ ಒಂದು ಡಿಗ್ರಿಗಿಂತ ಹೆಚ್ಚಾಗಿ ಏರಿದೆ. ಅಳತೆಗೆ ಸಿಕ್ಕಿದ ವರ್ಷಗಳಲ್ಲೆಲ್ಲ 2024 ಅತ್ಯಂತ ಬಿಸಿಯಾದ ವರ್ಷವಾಯಿತು. ಒಂದು ಡಿಗ್ರಿಯಿಂದ ನಮಗೇನು? ಬೆಚ್ಚಗಿನ ಗಾಳಿಯು ಡಿಗ್ರಿಯೊಂದಕ್ಕೆ ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು. ಅದು ನೆಲದ ತೇವವನ್ನು ಬೇಗ ಹೀರುತ್ತದೆ. ಬಿಡುವಾಗ ಒಮ್ಮೆಲೇ ಸುರಿಯುತ್ತದೆ. ಕಡಲೆಕಾಯಿ ಗಿಡವು ಹೂ ಬಿಟ್ಟು, ಹೂವಿನ ಬುಡದ ಮೊನೆ ಮಣ್ಣಿಗಿಳಿಯುವ ಕಾಲದಲ್ಲಿ ನೆಲ ಹದವಾಗಿರಬೇಕು. ಆ ಎರಡು ಮೂರು ವಾರ ಮಳೆ ಕೈಕೊಟ್ಟರೆ ಮೊನೆಯು ಗಟ್ಟಿ ನೆಲಕ್ಕೆ ತಗಲಿ ಒಣಗುತ್ತದೆ. ಆಮೇಲೆ ಎಷ್ಟು ಮಳೆ ಬಂದರೂ ಗಿಡವು ಸೊಪ್ಪು ಕೊಡುತ್ತದೆಯೇ ಹೊರತು ಕಾಯಿ ಕೊಡುವುದಿಲ್ಲ. ವರ್ಷದ ಒಟ್ಟು ಮಳೆಯ ಅಂಕಿ ಸರಿಯಾಗಿದ್ದರೂ ಬೆಳೆ ಹೋಗುವುದು ಹೀಗೆ. 2021ರ ನವೆಂಬರಿನಲ್ಲಿ ಇದೇ ಬರಸೀಮೆಯಲ್ಲಿ, ಅನಂತಪುರ, ಕಡಪ, ಚಿತ್ತೂರು ಜಿಲ್ಲೆಗಳಲ್ಲಿ, ಮಳೆ ಸುರಿದು ಹೊಳೆಗಳು ಉಕ್ಕಿ ಊರುಗಳು ಜಲಾವೃತವಾದುದನ್ನು ಹಿರಿಯರೆಲ್ಲ ಬಲ್ಲರು. ಅದೊಂದೇ ಮಳೆಯನ್ನು ಭೂಮಿ ಬಿಸಿಯಾದುದಕ್ಕೆ ಕಟ್ಟಿಹಾಕುವುದು ಸರಿಯಲ್ಲ. ಆದರೆ ಅಂತಹ ಮಳೆಗಳೂ ಅವುಗಳ ನಡುವಣ ಒಣ ದಿನಗಳೂ ಹೆಚ್ಚಾಗುವುವೆಂಬುದೇ ಶಾಸ್ತ್ರಜ್ಞರ ನಿರ್ಣಯ. ಈ ವಾಯುವನ್ನು ಗಾಳಿಗೆ ತುಂಬಿದ್ದರಲ್ಲಿ ನಮ್ಮ ಖುಷ್ಕಿ ರೈತನ ಪಾಲು ಎಷ್ಟು ಅತ್ಯಲ್ಪವೆಂಬುದನ್ನೂ ಇಲ್ಲಿ ಹೇಳಬೇಕು. ಅಮೆರಿಕದ ಪ್ರಜೆಯೊಬ್ಬನ ತಲೆಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲಾಮ್ಲ ವಾಯು ಬಿದ್ದರೆ, ಭಾರತೀಯನೊಬ್ಬನ ತಲೆಗೆ ಸುಮಾರು 2 ಟನ್. ಸಾಲ ಮಾಡಿದವರು ಒಬ್ಬರು, ಜಪ್ತಿಗೆ ಒಳಗಾಗುವವರು ಇನ್ನೊಬ್ಬರು.

ಕಲ್ಲಿದ್ದಲಿನ ಲೆಕ್ಕವು ರಸಾಯನಶಾಸ್ತ್ರದ ಒಳ್ಳೆಯ ಅಭ್ಯಾಸ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯೇ ಬಹಳ; ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಬೇಕಾಗುತ್ತದೆ. ಆದರೆ ಹೊಗೆಕೊಳವೆಯಿಂದ ಹೊರಡುವ ಇಂಗಾಲಾಮ್ಲ ವಾಯು ಸುಮಾರು ಒಂದು ಕಿಲೋಗ್ರಾಂ! ಉರಿಸಿದ್ದಕ್ಕಿಂತ ಬಂದದ್ದು ಹೆಚ್ಚಾದುದು ಹೇಗೆ? ಇಂಗಾಲದ 12 ತೂಕವು ಗಾಳಿಯೊಳಗಿನ ಆಮ್ಲಜನಕದ 32 ತೂಕವನ್ನು ಸೇರಿಸಿಕೊಂಡು 44 ತೂಕವಾಗುತ್ತದೆ. ಕಡಪ ಜಿಲ್ಲೆಯ ರಾಯಲಸೀಮಾ ಉಷ್ಣವಿದ್ಯುತ್ ಸ್ಥಾವರದಲ್ಲಾಗಲಿ, ರಾಯಚೂರಿನಲ್ಲಾಗಲಿ, ಬಳ್ಳಾರಿ ಹತ್ತಿರದ ಕುಡತಿನಿಯಲ್ಲಾಗಲಿ ನಡೆಯುವುದು ಇದೇ.

ಇನ್ನು ಬಿಸಿಲಿನಿಂದ ವಿದ್ಯುತ್ತು ಹೊರಡುವ ಬಗೆ. 1839ರಲ್ಲಿ ಫ್ರಾನ್ಸಿನ ಬೆಕೆರೆಲನು ಬೆಳಕು ತಗಲಿದಾಗ ಕೆಲವು ವಸ್ತುಗಳಲ್ಲಿ ವಿದ್ಯುತ್ ಹುಟ್ಟುವುದನ್ನು ಗುರುತಿಸಿದನು. ಉಪಯೋಗಕ್ಕೆ ಬರುವಂತಹ ಸಿಲಿಕಾನ್ ಫಲಕವು 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಸಿದ್ಧವಾಯಿತು. ಬಿದ್ದ ಬೆಳಕಿನಲ್ಲಿ ನೂರಕ್ಕೆ ಆರು ಪಾಲನ್ನು ಮಾತ್ರ ಅದು ವಿದ್ಯುತ್ತಾಗಿ ಮಾರ್ಪಡಿಸುತ್ತಿತ್ತು. ಇಂದಿನ ಫಲಕಗಳಲ್ಲಿ ನೂರಕ್ಕೆ ಇಪ್ಪತ್ತು ಪಾಲಿಗೂ ಮಿಗಿಲು. ಮರಳಿನಲ್ಲಿ ಹೇರಳವಾಗಿರುವ ಸಿಲಿಕಾನನ್ನು ಶುದ್ಧಿಮಾಡಿ, ತೆಳುವಾದ ಬಿಲ್ಲೆಗಳನ್ನಾಗಿ ಕೊಯ್ದು, ಒಂದು ಮಗ್ಗುಲಿಗೆ ರಂಜಕವನ್ನೂ ಇನ್ನೊಂದು ಮಗ್ಗುಲಿಗೆ ಬೋರಾನನ್ನೂ ಕಣಮಾತ್ರ ಸೇರಿಸುತ್ತಾರೆ. ಬೆಳಕಿನ ಪೆಟ್ಟಿಗೆ ಎಲೆಕ್ಟ್ರಾನುಗಳು ತಮ್ಮ ಸ್ಥಾನದಿಂದ ಕದಲುತ್ತವೆ. ಎರಡು ಮಗ್ಗುಲುಗಳ ಗುಣಭೇದದಿಂದ ಅವು ಒಂದೇ ದಿಕ್ಕಿಗೆ ಸಾಗಬೇಕಾಗುತ್ತದೆ. ಆ ಸಾಗಾಟವೇ ವಿದ್ಯುತ್ ಪ್ರವಾಹ. ಇಲ್ಲಿ ತಿರುಗುವ ಚಕ್ರವಿಲ್ಲ, ಕುದಿಯುವ ನೀರಿಲ್ಲ, ಶಬ್ದವಿಲ್ಲ.

ಎರಡು ಸಂಗತಿಗಳನ್ನು ವಿದ್ಯಾರ್ಥಿಗಳು ಗಮನಿಸಬೇಕು. ಫಲಕಕ್ಕೆ ಬೇಕಾದುದು ಬೆಳಕು, ಸೆಕೆಯಲ್ಲ. 25 ಡಿಗ್ರಿಗಿಂತ ಮೇಲೆ ಫಲಕವು ಕಾದಂತೆಲ್ಲ ಡಿಗ್ರಿಯೊಂದಕ್ಕೆ ನೂರಕ್ಕೆ ಅರ್ಧ ಪಾಲಿಗಿಂತ ಸ್ವಲ್ಪ ಕಡಿಮೆಯಷ್ಟು ಉತ್ಪತ್ತಿ ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನದಲ್ಲಿ ಫಲಕದ ಮೈ 60 ಡಿಗ್ರಿಗೆ ಏರಿದಾಗ ಎಷ್ಟು ನಷ್ಟವಾಗುವುದೆಂದು ನೀವೇ ಲೆಕ್ಕ ಹಾಕಬಹುದು. ಎರಡನೆಯದು ಅದರ ಓರೆ. ಮಡಕಶಿರವು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಸೂರ್ಯನು ವರ್ಷದ ಹೆಚ್ಚು ದಿನ ನಮಗೆ ದಕ್ಷಿಣದಲ್ಲಿ ಸಂಚರಿಸುವುದರಿಂದ ಫಲಕವನ್ನು ಒಂದೇ ಕಡೆಗೆ ನಿಲ್ಲಿಸುವುದಾದರೆ ದಕ್ಷಿಣಕ್ಕೆ ಸುಮಾರು ಅಷ್ಟೇ ಡಿಗ್ರಿ ಓರೆಯಾಗಿ ನಿಲ್ಲಿಸುವುದು ಲೇಸು. ನಂಬದವರು ಶಾಲೆಯ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನೆಟ್ಟು ಮಧ್ಯಾಹ್ನದ ನೆರಳನ್ನು ಅಳೆಯುತ್ತ ಹೋಗಲಿ. ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟಿನ ನಡುವೆ ಒಮ್ಮೆ, ನೆರಳು ಪೂರ್ತಿಯಾಗಿ ಕೋಲಿನ ಬುಡಕ್ಕೆ ಅಡಗುವುದು. ಈ ಎರಡು ದಿನಗಳ ನಡುವೆ ನೆರಳು ದಕ್ಷಿಣಕ್ಕೆ ಬೀಳುವುದು, ಉಳಿದ ದಿನಗಳಲ್ಲಿ ಉತ್ತರಕ್ಕೆ.

ಈಗ ಪಾವಗಡದ ಗಣಿತಕ್ಕೆ ಬರೋಣ. ನಮ್ಮ ಸೀಮೆಯಲ್ಲಿ ಒಂದು ಕಿಲೋವಾಟ್ ಫಲಕವು ದಿನಕ್ಕೆ ನಾಲ್ಕರಿಂದ ಐದು ಯೂನಿಟ್ ಕೊಡುತ್ತದೆ. 2,050 ಮೆಗಾವಾಟ್ ಎಂದರೆ 20 ಲಕ್ಷ 50 ಸಾವಿರ ಕಿಲೋವಾಟ್. ನಾಲ್ಕರಿಂದ ಗುಣಿಸಿದರೂ ದಿನಕ್ಕೆ 82 ಲಕ್ಷ ಯೂನಿಟ್ ಆಯಿತು. ಇಷ್ಟನ್ನು ಕಲ್ಲಿದ್ದಲಿನಿಂದ ತೆಗೆಯಬೇಕಾದರೆ ದಿನಕ್ಕೆ ಸುಮಾರು 5,700 ಟನ್, ಅಂದರೆ ಐವತ್ತೆಂಟು ಡಬ್ಬಿಗಳ ಒಂದೂವರೆ ಗೂಡ್ಸು ರೈಲಿನಷ್ಟು, ಉರಿಸಬೇಕು. ಸುಮಾರು 8,000 ಟನ್ ಇಂಗಾಲಾಮ್ಲ ವಾಯು ಆಕಾಶಕ್ಕೆ ಸೇರುತ್ತದೆ. ಇದು ಏತಕ್ಕೆ ಬೇಕಾಯಿತು ಎಂಬ ಮೊದಲನೆಯ ಪ್ರಶ್ನೆಗೆ ಈ ಅಂಕಿಗಳೇ ಉತ್ತರ.

ಹಾಗಾದರೆ ಕಲ್ಲಿದ್ದಲಿನ ಕಾಲ ಮುಗಿಯಿತೆಂದು ತಿಳಿಯಬಹುದೇ? ಇಲ್ಲ. 2025ರ ನಡುವೆ ನಮ್ಮ ದೇಶದ ವಿದ್ಯುತ್ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟು ಬಿಸಿಲು, ಗಾಳಿ, ನೀರು, ಅಣುಶಕ್ತಿ ಮೊದಲಾದವುಗಳದ್ದಾಯಿತೆಂದು ಪತ್ರಿಕೆಗಳಲ್ಲಿ ಓದಿದೆವು. ಸಂತೋಷವೇ. ಆದರೆ ಕೊಟ್ಟಿಗೆಯಲ್ಲಿರುವ ಹಸುಗಳ ಸಂಖ್ಯೆ ಬೇರೆ, ಕರೆದ ಹಾಲಿನ ಲೆಕ್ಕ ಬೇರೆ. ಉತ್ಪತ್ತಿಯಾಗುವ ವಿದ್ಯುತ್ತಿನಲ್ಲಿ ಮುಕ್ಕಾಲಿಗೆ ಸಮೀಪದ ಪಾಲು ಇಂದಿಗೂ ಕಲ್ಲಿದ್ದಲಿನದೇ. ಫಲಕವು ಹಗಲಿನಲ್ಲಿ ಮಾತ್ರ ಕರೆಯುವ ಹಸು. ನಮ್ಮ ಮನೆಗಳಲ್ಲಿ ದೀಪ ಹತ್ತುವುದು ಸಂಜೆಗೆ. ಹಗಲಿನ ವಿದ್ಯುತ್ತನ್ನು ರಾತ್ರಿಗೆ ಉಳಿಸುವ ದಾರಿಗಳಲ್ಲಿ ಒಂದು ಬ್ಯಾಟರಿ. ಇನ್ನೊಂದಕ್ಕೆ ಉದಾಹರಣೆಯು ಶ್ರೀಶೈಲಕ್ಕೆ ಯಾತ್ರೆ ಹೋಗುವವರಿಗೆ ಬಲು ಹತ್ತಿರದಲ್ಲಿದೆ. ಅಲ್ಲಿನ ಅಣೆಕಟ್ಟಿನ ಎಡದಂಡೆಯ ಭೂಗರ್ಭ ವಿದ್ಯುದಾಗಾರದಲ್ಲಿ 150 ಮೆಗಾವಾಟಿನ ಆರು ಯಂತ್ರಗಳಿವೆ. ಇವು ನೀರು ಇಳಿಯುವಾಗ ವಿದ್ಯುತ್ತನ್ನು ಹುಟ್ಟಿಸುವುದಲ್ಲದೆ, ತಿರುವುಮುರುವಾಗಿ ತಿರುಗಿ, ಕೆಳಗಿನ ನೀರನ್ನು ಮತ್ತೆ ಮೇಲಕ್ಕೆ ಎತ್ತಲೂ ಬಲ್ಲವು. ಹೆಚ್ಚಾದ ವಿದ್ಯುತ್ತಿನಿಂದ ನೀರನ್ನು ಏರಿಸಿಟ್ಟು, ಬೇಕಾದಾಗ ಇಳಿಸಿಕೊಳ್ಳುವುದು. ಈ ಬಗೆಯ ಏರಿಳಿತದಲ್ಲಿ ನೂರು ಯೂನಿಟ್ ಇಟ್ಟರೆ ಎಪ್ಪತ್ತೈದು ಎಂಬತ್ತು ಹಿಂದಕ್ಕೆ ಬರುತ್ತದೆ; ಕಾಪಾಡಿಟ್ಟ ಧಾನ್ಯದಲ್ಲಿ ಇಲಿಯ ಪಾಲು ಹೋದಂತೆ ಉಳಿದದ್ದು ಹೋಗುತ್ತದೆ. ಗ್ಲಾಸ್ಗೋ ನಗರದಲ್ಲಿ 2021ರಲ್ಲಿ ನಮ್ಮ ಸರ್ಕಾರವು 2070ರ ವೇಳೆಗೆ ದೇಶದ ಇಂಗಾಲದ ಲೆಕ್ಕವನ್ನು ಸೊನ್ನೆಗೆ ತರುವೆವೆಂದು ಜಗತ್ತಿಗೆ ಮಾತು ಕೊಟ್ಟಿದೆ. ಆ ವರ್ಷ ನಮ್ಮ ಆರನೆಯ ತರಗತಿಯ ಮಕ್ಕಳಿಗೆ ಐವತ್ತೈದು ದಾಟಿರುತ್ತದೆ.

ಎರಡನೆಯ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ಪಾವಗಡದಲ್ಲಿ ಭೂಮಿಯನ್ನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಇದು ಮೆಚ್ಚತಕ್ಕ ಸಂಗತಿ. ಜಲಾಶಯಗಳಿಗೂ ಕಾರ್ಖಾನೆಗಳಿಗೂ ನೆಲವನ್ನು ಕಳೆದುಕೊಂಡವರು ಪರಿಹಾರದ ಹಣ ಕರಗಿದ ಮೇಲೆ ಬರಿಗೈಯಾದ ಕಥೆಗಳು ಎಲ್ಲೆಡೆಯೂ ಇವೆ. ಇಲ್ಲಿ ಪಹಣಿಯಲ್ಲಿ ರೈತನ ಹೆಸರು ಉಳಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ; ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಕೆ; ಅವಧಿ 28 ವರ್ಷ. ಮಳೆ ಕೈಕೊಟ್ಟ ವರ್ಷ ಬಿತ್ತನೆ ಬೀಜದ ಸಾಲವೂ ಹುಟ್ಟದ ಹೊಲಕ್ಕೆ ಇದು ನಿಶ್ಚಿತವಾದ ಆದಾಯವೆಂದು ಎರಡು ಸಾವಿರಕ್ಕೂ ಹೆಚ್ಚು ರೈತರು ಒಪ್ಪಿದುದರಲ್ಲಿ ಆಶ್ಚರ್ಯವಿಲ್ಲ.

ಎಂಟನೆಯ ತರಗತಿಯಲ್ಲಿ ಕಲಿಸುವ ಚಕ್ರಬಡ್ಡಿಯ ಸೂತ್ರವನ್ನು ಇಲ್ಲಿ ಪ್ರಯೋಗಿಸಿ ನೋಡೋಣ. ಎರಡು ವರ್ಷ ಕಳೆದ ಮೇಲೆ ಗುತ್ತಿಗೆ 22,050. ನಾಲ್ಕು ವರ್ಷ ಕಳೆದ ಮೇಲೆ 23,152 ರೂಪಾಯಿ 50 ಪೈಸೆ. ಹೀಗೆ ಹದಿಮೂರು ಸಲ ಏರಿ, ಕೊನೆಯ ಎರಡು ವರ್ಷಗಳಲ್ಲಿ ಸುಮಾರು 39,600 ರೂಪಾಯಿ ಆಗುತ್ತದೆ. ಕೇಳಲು ಹಿತವಾಗಿದೆ. ಆದರೆ ಪೇಟೆಯ ಬೆಲೆಗಳು ವರ್ಷಕ್ಕೆ ನೂರಕ್ಕೆ ಐದರಂತೆ ಏರಿದುವೆಂದು ಇಟ್ಟುಕೊಳ್ಳಿ. ಮೊದಲ ವರ್ಷ 100 ರೂಪಾಯಿಗೆ ಬಂದ ಬೇಳೆಗೆ 26 ವರ್ಷಗಳ ಬಳಿಕ ಸುಮಾರು 355 ರೂಪಾಯಿ ತೆರಬೇಕು. ಆ ಲೆಕ್ಕದಲ್ಲಿ 39,600 ರೂಪಾಯಿಗೆ ಕೊಳ್ಳಬಹುದಾದುದು ಮೊದಲ ವರ್ಷದ 11,100 ರೂಪಾಯಿಯ ಸಾಮಾನು ಮಾತ್ರ. ಅಂಕಿ ದ್ವಿಗುಣದ ಹತ್ತಿರ ಹೋಯಿತು. ಅದರ ಬೆಲೆ ಅರ್ಧದ ಹತ್ತಿರ ಇಳಿಯಿತು. ಎರಡು ವರ್ಷಕ್ಕೆ ಐದು ಎಂಬುದಕ್ಕೂ ವರ್ಷಕ್ಕೆ ಐದು ಎಂಬುದಕ್ಕೂ ಇರುವ ಅಂತರ ಇದು. ಪತ್ರದಲ್ಲಿ ಒಂದು ಪದದ ವ್ಯತ್ಯಾಸ.

ಇನ್ನೊಂದು ಲೆಕ್ಕ. 82 ಲಕ್ಷ ಯೂನಿಟನ್ನು 13,000 ಎಕರೆಗೆ ಹಂಚಿದರೆ ಎಕರೆಯೊಂದರಿಂದ ದಿನಕ್ಕೆ 630 ಯೂನಿಟ್ ಹೊರಡುತ್ತದೆ. ಯೂನಿಟ್ಟಿಗೆ 3 ರೂಪಾಯಿಯೆಂದು ಊಹಿಸಿದರೆ ವರ್ಷಕ್ಕೆ ಸುಮಾರು 6 ಲಕ್ಷ 90 ಸಾವಿರ ರೂಪಾಯಿ. ಅದರಲ್ಲಿ ಭೂಮಿಯ ಒಡೆಯನಿಗೆ ಸಂದದ್ದು ನೂರಕ್ಕೆ ಮೂರು. ಉಳಿದುದೆಲ್ಲ ಕಂಪೆನಿಯ ಲಾಭವೆಂದು ಹಾರಾಡುವುದು ತಪ್ಪು. ಫಲಕಗಳ ಬೆಲೆ, ಬ್ಯಾಂಕಿನ ಸಾಲ, ತಂತಿ, ಸಂಬಳ ಎಲ್ಲವೂ ಅದರಿಂದಲೇ ಹೊರಡಬೇಕು. ಹೀಗಿದ್ದರೂ ಮೂರನ್ನು ನಾಲ್ಕು ಮಾಡೆಂದು ಕೇಳುವುದಕ್ಕೆ ಸ್ಥಳವಿದೆಯೆಂದು ನಮ್ಮ ಅಭಿಪ್ರಾಯ. ಒಬ್ಬೊಬ್ಬರಾಗಿ ಕೇಳಿದರೆ ಆಗುವ ಕೆಲಸವಲ್ಲ; ಊರು ಒಟ್ಟಾಗಿ ಕೇಳಬೇಕು.

ಗುತ್ತಿಗೆಯ ಹಣವು ಪಹಣಿ ಇದ್ದವರಿಗೆ ಬರುತ್ತದೆ. ಪಹಣಿಯೇ ಇಲ್ಲದವರ ಗತಿ? ಕಳೆ ಕೀಳಲು, ಕಾಯಿ ಬಿಡಿಸಲು ಹೋಗುತ್ತಿದ್ದ ಕೂಲಿ ಹೆಂಗಸರಿಗೆ ಹೊಲವೇ ಇಲ್ಲವಾದ ಮೇಲೆ ಕೂಲಿಯೂ ಇಲ್ಲ. ಫಲಕ ನಿಲ್ಲಿಸುವ ಕಾಲದಲ್ಲಿ ಕೆಲಸ ಬಹಳ. ನಿಂತ ಮೇಲೆ ಕಾವಲು, ಹುಲ್ಲು ಕೊಯ್ಯುವುದು, ಫಲಕ ತೊಳೆಯುವುದು, ಇಷ್ಟೇ. ಬೇಲಿ ಬಿದ್ದುದರಿಂದ ಕುರಿಗಳು ಸುತ್ತು ಬಳಸಿ ಹೋಗಬೇಕಾಯಿತು; ಹಲವರು ಮಂದೆಯನ್ನು ಮಾರಿದರೆಂದು ಅಲ್ಲಿಯ ಸ್ಥಿತಿಯನ್ನು ಪರಿಶೀಲಿಸಿದವರು ಬರೆದಿದ್ದಾರೆ. ನಮ್ಮ ಶಾಲೆಗೆ ಬರುವ ಮಕ್ಕಳಲ್ಲಿ ಪಹಣಿ ಇರುವ ಮನೆಯವರೂ ಇದ್ದಾರೆ, ಕುರಿ ಕಾಯುವವರ ಮನೆಯವರೂ ಕೂಲಿಯವರ ಮನೆಯವರೂ ಇದ್ದಾರೆ. ಆದಕಾರಣ ಊರಿಗೆ ಒಳ್ಳೆಯದಾಯಿತು ಎಂಬ ಮಾತನ್ನು ನಾವು ಒಂದೇ ಉಸಿರಿನಲ್ಲಿ ಹೇಳಲಾರೆವು. ಫಲಕಗಳನ್ನು ಆಳೆತ್ತರಕ್ಕೆ ಏರಿಸಿ ಕೆಳಗೆ ಮೇವನ್ನೋ ತರಕಾರಿಯನ್ನೋ ಬೆಳೆಯುವ ಪದ್ಧತಿಯು ಲೋಕದಲ್ಲಿ ಬಳಕೆಗೆ ಬರುತ್ತಿದೆ. ಖರ್ಚು ಹೆಚ್ಚು, ಆದರೆ ಕೂಲಿ ಉಳಿಯುತ್ತದೆ.

ಹೊಲವನ್ನು ಕೊಡದೆಯೂ ಬಿಸಿಲನ್ನು ಬಳಸುವ ಮಾರ್ಗವಿದೆ. 2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಂತೆ ಮನೆಯ ತಾರಸಿಯ ಮೇಲೆ ಮೂರು ಕಿಲೋವಾಟ್ ಫಲಕ ಹಾಕಿಸುವವರಿಗೆ ಕೇಂದ್ರದ ಸಹಾಯಧನ 78,000 ರೂಪಾಯಿ. ಒಂದು ಕಿಲೋವಾಟಿಗೆ 30,000. ಹೊಲದ ಪಂಪಿಗೆ ಬಿಸಿಲನ್ನು ಹೊಂದಿಸುವ ಕುಸುಮ್ ಯೋಜನೆಯು 2019ರಿಂದ ಇದೆ. ಪಂಪಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಬಿಸಿಲು ಬಿಟ್ಟಿಯೆಂದು ಬೆಳಗಿನಿಂದ ಸಂಜೆಯವರೆಗೆ ಮೋಟಾರು ಓಡಿದರೆ ನಮ್ಮ ಕೊಳವೆಬಾವಿಗಳ ತಳದಲ್ಲಿರುವ ಕೊನೆಯ ನೀರೂ ಮೇಲೆ ಬಂದು ಆರಿಹೋಗುವುದು. ಸೂರ್ಯನು ನಾಳೆಯೂ ಬರುತ್ತಾನೆ, ಬಾವಿಯ ನೀರಿಗೆ ಆ ಭರವಸೆಯಿಲ್ಲ.

ಗುತ್ತಿಗೆಯ ಪತ್ರವನ್ನು ಹಿಡಿದು ಯಾರಾದರೂ ಮನೆಗೆ ಬಂದಲ್ಲಿ, ಅದು ತೆಲುಗಿನಲ್ಲಿರಲಿ ಕನ್ನಡದಲ್ಲಿರಲಿ, ಮೊದಲಿಂದ ಕೊನೆಯವರೆಗೆ ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬಾರದು. ಓದಬಲ್ಲ ಮಗಳು ಮನೆಯಲ್ಲಿದ್ದರೆ ಆಕೆಯಿಂದಲೇ ಓದಿಸಬಹುದು. ಏರಿಕೆ ಎಷ್ಟು ವರ್ಷಕ್ಕೊಮ್ಮೆ, ಹಣ ತಡವಾದರೆ ಬಡ್ಡಿಯುಂಟೇ, ಒಡೆಯನು ತೀರಿಕೊಂಡರೆ ಗುತ್ತಿಗೆ ಯಾರ ಹೆಸರಿಗೆ ಬರುವುದು, ಹೊಲದೊಳಗಿನ ಬಾವಿ ಯಾರದು, ಕುರಿಗಳಿಗೆ ದಾರಿ ಬಿಡುವರೇ ಎಂಬುದನ್ನೆಲ್ಲ ಅದರಲ್ಲಿ ಹುಡುಕಬೇಕು. ಕೊನೆಯದಾಗಿ ಅವಧಿ ಮುಗಿದ ನಂತರದ ಮಾತು. ಫಲಕದ ಆಯುಸ್ಸು ಸುಮಾರು ಇಪ್ಪತ್ತೈದು ವರ್ಷ. ಗಾಜು, ಅಲ್ಯೂಮಿನಿಯಂ, ಸಿಲಿಕಾನ್, ಅಲ್ಪ ಸ್ವಲ್ಪ ಬೆಳ್ಳಿ, ಬೆಸುಗೆಯ ಸೀಸ ಇವು ಅದರಲ್ಲಿರುತ್ತವೆ. 2022ರ ಇ-ತ್ಯಾಜ್ಯ ನಿಯಮಗಳಲ್ಲಿ ಸೌರಫಲಕಗಳನ್ನೂ ಸೇರಿಸಲಾಗಿದೆ. ತಯಾರಕರು ಅವುಗಳ ಹೊಣೆ ಹೊರಬೇಕು. ಕಾಯಿದೆಯಲ್ಲಿ ಇದ್ದರೂ, ಸಿಮೆಂಟಿನ ಬುಡಗಳನ್ನು ಕಿತ್ತು, ತಂತಿಗಳನ್ನು ತೆಗೆದು, ಹೊಲವನ್ನು ಉಳುವ ಸ್ಥಿತಿಯಲ್ಲಿ ಹಿಂದಿರುಗಿಸುವವರು ಯಾರು, ಅದರ ಖರ್ಚಿನ ಹಣವನ್ನು ಈಗಲೇ ಎಲ್ಲಿ ಇಡುವರು ಎಂಬುದು ಗುತ್ತಿಗೆಯ ಪತ್ರದಲ್ಲಿಯೇ ಬರೆದಿರಬೇಕು. ಬರೆದಿಲ್ಲವಾದರೆ, ಸಹಿಗೆ ಮುಂಚೆ ಬರೆಯಿಸಬೇಕು.